ಹೆಬ್ಬೆಟ್ಟು

ದೇವದುರ್ಗದ ನಮ್ಮ ಖಾಲಾ ತಮ್ಮ ಹೆಸರು ಬರೆಯಲು ಕಲಿತದ್ದು ಮೂವತ್ತೈದು ದಾಟಿದ ಮೇಲೆ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನದ ರಾತ್ರಿಶಾಲೆ ಅವರ ಓಣಿಗೂ ಬಂದಿತ್ತು. ಹಗಲೆಲ್ಲ ಹತ್ತಿ ಬಿಡಿಸಿ, ರಾತ್ರಿ ಲಾಟೀನಿನ ಮುಂದೆ ಕುಳಿತು, ಪಾಟಿಯ ಮೇಲೆ ತಿದ್ದಿ ತಿದ್ದಿ ಕನ್ನಡದಲ್ಲಿ ರುಜು ಹಾಕುವುದನ್ನು ಕಲಿತರು. ನಮ್ಮ ಮನೆಗಳಲ್ಲಿ ಓದುಬರಹ ಬಾರದವರನ್ನು ‘ಅಂಗೂಠಾ ಛಾಪ್’ ಎನ್ನುತ್ತಾರೆ. ಕನ್ನಡದಲ್ಲಿ ‘ಹೆಬ್ಬೆಟ್ಟು’ ಎನ್ನುವಾಗಿನ ತಾತ್ಸಾರವೇ ಅದರಲ್ಲೂ ಇದೆ. ಬ್ಯಾಂಕಿನಲ್ಲಿ ಮುಂದಿಟ್ಟ ಸ್ಟಾಂಪ್ ಪ್ಯಾಡನ್ನು ಪಕ್ಕಕ್ಕೆ ಸರಿಸಿ ತಾವು ಪೆನ್ನು ಕೇಳಿದ ದಿನವನ್ನು ಖಾಲಾ ಈಗಲೂ ಹೇಳಿಕೊಳ್ಳುತ್ತಾರೆ.

ಆ ರುಜುವನ್ನು ಈಗ ಯಾರೂ ಕೇಳುವುದಿಲ್ಲ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು, ಸಿಮ್ ಕೊಂಡಾಗ ಹೆಬ್ಬೆಟ್ಟು, ತುಂಡು ಜಾಗ ಮಾರಿದಾಗ ನೋಂದಣಿಗೆ ಹೆಬ್ಬೆಟ್ಟು, ಕಿರಾಣಿ ಅಂಗಡಿಯಲ್ಲಿ ಕುಳಿತ ಬ್ಯಾಂಕ್ ಪ್ರತಿನಿಧಿಯ ಪುಟ್ಟ ಯಂತ್ರದಿಂದ ರೊಕ್ಕ ಪಡೆಯಲೂ ಹೆಬ್ಬೆಟ್ಟು. ಹತ್ತಿ ಬಿಡಿಸಿ, ಒಣಮೆಣಸಿನಕಾಯಿಯ ತೊಟ್ಟು ಮುರಿದು ಸವೆದ ಬೆರಳು ಅದು. ಯಂತ್ರ ಸುಲಭಕ್ಕೆ ಒಪ್ಪುವುದಿಲ್ಲ. ಸೆರಗಿಗೆ ಒರೆಸಬೇಕು, ತಲೆಗೂದಲಿಗೆ ಸವರಿ ಎಣ್ಣೆಯ ಜಿಡ್ಡು ಹಚ್ಚಬೇಕು, ಮತ್ತೆ ಇಡಬೇಕು. ಒಂದೇ ಸಲಕ್ಕೆ ಹಸಿರು ದೀಪ ಹತ್ತಿದರೆ ಆ ದಿನ ಅವರಿಗೆ ಹಬ್ಬ.

2024ರ ಆರಂಭದಲ್ಲಿ ಖಾಲಾ ಅವರ ಖಾತೆಯಿಂದ ಎರಡು ಸಲ ಹಣ ಹೋಯಿತು. ಒಮ್ಮೆ 9,500 ರೂಪಾಯಿ, ಮೂರು ದಿನ ಬಿಟ್ಟು 7,000. ಗೃಹಲಕ್ಷ್ಮಿಯ ತಿಂಗಳ 2,000ವನ್ನು ಮುಟ್ಟದೆ ಬಿಟ್ಟಿದ್ದು, ಅದರ ಮೇಲೆ ಹತ್ತಿ ಕೂಲಿ, ಎಲ್ಲ ಸೇರಿ ಮಗಳ ಬಾಣಂತನಕ್ಕೆಂದು ಕೂಡಿಟ್ಟ ಹಣ. ಖಾತೆಗೆ ಜೋಡಿಸಿದ ಮೊಬೈಲು ಬೆಂಗಳೂರಿಗೆ ಗುಳೆ ಹೋದ ಮಗನ ಜೇಬಿನಲ್ಲಿತ್ತು. ಇಂಗ್ಲಿಷಿನಲ್ಲಿ ಬಂದ ಸಂದೇಶಗಳನ್ನು ಅವನು ತೆರೆದೇ ಇರಲಿಲ್ಲ. ಎರಡು ತಿಂಗಳ ಮೇಲೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದಾಗ ಸಂಗತಿ ಗೊತ್ತಾಯಿತು. ಸುದ್ದಿ ಕೇಳಿ ನಾವು ರಾಯಚೂರಿನಿಂದ ಗಬ್ಬೂರು ದಾರಿಯ ಬಸ್ಸು ಹಿಡಿದು ಹೋದೆವು. ಖಾಲಾ ಬಲಗೈ ಹೆಬ್ಬೆರಳನ್ನು ನಮ್ಮ ಮುಖದ ಮುಂದೆ ಹಿಡಿದು ಕೇಳಿದರು: “ಬೇಟಾ, ನನ್ನ ಅಂಗೂಠಾ ನನ್ನ ಕೈಯಾಗೇ ಐತಿ. ಮತ್ತ ರೊಕ್ಕ ಯಾರು ತಗೊಂಡ್ರು?”

ಬ್ಯಾಂಕಿನವರ ಉತ್ತರ ಚಿಕ್ಕದಾಗಿತ್ತು: ನಿಮ್ಮದೇ ಬೆರಳು ಬಿದ್ದಿದೆ, ಕಂಪ್ಯೂಟರಿನಲ್ಲಿ ಹಾಗೇ ತೋರಿಸುತ್ತಿದೆ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊಣೆಯಿಲ್ಲ. ಏಳು ದಿನ ದಾಟಿದರೆ ಬ್ಯಾಂಕು ತನ್ನ ನೀತಿಯಂತೆ ತೀರ್ಮಾನಿಸಬಹುದು. ಖಾಲಾಗೆ ಎರಡು ತಿಂಗಳು ದಾಟಿತ್ತು. ಅವರ ಮಟ್ಟಿಗೆ ಸಂದೇಶ ಬಂದೇ ಇರಲಿಲ್ಲವಲ್ಲ ಎಂದು ನಾವು ವಾದಿಸಿದೆವು. ಅರ್ಜಿಗೆ ಮುದ್ರೆ ಬಿತ್ತು. ಹಣ ಇಂದಿಗೂ ಬಂದಿಲ್ಲ.

ಖಾಲಾ ಕೇಳಿದ ಪ್ರಶ್ನೆಯ ಹಿಂದೆ ಹೊರಟಾಗ ನಮಗೆ ತಿಳಿದದ್ದಿಷ್ಟು. ಆಧಾರ್ ಮೂಲಕ ಹಣ ತೆಗೆಯುವ ಈ ವ್ಯವಸ್ಥೆಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಈ ಮೂರು ಸಾಕು. ಗುಪ್ತ ಸಂಖ್ಯೆ ಬೇಡ, ಮೊಬೈಲಿಗೆ ಬರುವ ಓಟಿಪಿ ಬೇಡ. ಓದು ಬಾರದವರಿಗೂ ತಮ್ಮ ಊರಿನಲ್ಲೇ ಹಣ ಸಿಗಲಿ ಎಂದು ಹಾಗೆ ಮಾಡಿದ್ದು. ಅದು ಸುಳ್ಳಲ್ಲ, ದೇವದುರ್ಗದ ಹಳ್ಳಿಗಳ ಎಷ್ಟೋ ಮುದುಕಿಯರು ಪಿಂಚಣಿಗಾಗಿ ಪಟ್ಟಣಕ್ಕೆ ಬರುವುದು ತಪ್ಪಿದೆ. ಆದರೆ ಗುಪ್ತ ಸಂಖ್ಯೆ ಕಳುವಾದರೆ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ? ಅದೂ ನಾವು ಹೋದಲ್ಲೆಲ್ಲ ಬಿಟ್ಟುಬರುವ ಗುರುತು. ಚಹಾ ಕುಡಿದ ಗಾಜಿನ ಲೋಟದ ಮೇಲೂ ಅದು ಉಳಿಯುತ್ತದೆ.

ಇದು ಊಹೆಯ ಮಾತಲ್ಲ. ನಮ್ಮ ಜಿಲ್ಲೆಗೆ ಹೊಂದಿಕೊಂಡಿರುವ ತೆಲಂಗಾಣದಲ್ಲಿ 2018ರಲ್ಲಿ ಸಿಮ್ ಮಾರುವ ಒಬ್ಬಾತ ಸಿಕ್ಕಿಬಿದ್ದ. ಸರಕಾರಿ ಜಾಲತಾಣದಲ್ಲಿದ್ದ ಭೂ ನೋಂದಣಿ ಪತ್ರಗಳಿಂದ ಜನರ ಬೆರಳಚ್ಚು ತೆಗೆದು, ರಬ್ಬರ್ ಸ್ಟಾಂಪ್ ಮಾಡುವ ಯಂತ್ರದಲ್ಲಿ ಅಚ್ಚು ಹಾಕಿ, ಅವರ ಹೆಸರಿನಲ್ಲಿ ಸಿಮ್‌ಗಳನ್ನು ಚಾಲೂ ಮಾಡಿದ್ದ. ಐದು ವರ್ಷದ ಮೇಲೆ, 2023ರಲ್ಲಿ, ಅದೇ ಪಾಠ ಕರ್ನಾಟಕಕ್ಕೂ ಆಯಿತು. ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಹೋಗತೊಡಗಿತು. ನೋಂದಣಿ ಪತ್ರದ ನಕಲಿನಿಂದ ಬೆರಳಚ್ಚು ಕದ್ದ ಆರೋಪದ ಮೇಲೆ ಪೊಲೀಸರು ಬಿಹಾರದವರನ್ನು ಬಂಧಿಸಿದರು. ಅದಾದ ಮೇಲೆ, ಜನರಿಗೆ ಕಾಣುವ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡಲು ಇಲಾಖೆ ಮುಂದಾಯಿತು. ಖಾಲಾ ಅವರ ಬೆರಳು ಎಲ್ಲಿಂದ ಹೋಯಿತೆಂದು ನಾವು ಯಾರ ಮೇಲೂ ಬೊಟ್ಟು ಮಾಡಲಾರೆವು. ಅದನ್ನು ಒತ್ತಿಸಿಕೊಂಡ ಕಡೆಗಳನ್ನು ಅವರೇ ಎಣಿಸಿ ಮುಗಿಸಲಿಲ್ಲ.

ಇಲ್ಲಿ ‘ಭೂಮಿ’ ಯೋಜನೆ ನೆನಪಾಗುತ್ತದೆ. 2000ದ ಹೊತ್ತಿಗೆ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಹೋದಾಗ ಅಲ್ಲಿಯೂ ಬೆರಳಚ್ಚಿನ ಯಂತ್ರವಿತ್ತು. ಆದರೆ ಅದಕ್ಕೆ ಬೆರಳು ಇಡಬೇಕಿದ್ದವರು ನೌಕರರು. ಪಹಣಿಯಲ್ಲಿ ಏನಾದರೂ ತಿದ್ದಿ, ನಾಳೆ ನಾನಲ್ಲ ಎನ್ನಬಾರದೆಂದು ಮಾಡಿದ ಏರ್ಪಾಡು ಅದು. ಬಡವನ ಹೊಲ ಕಾಯಲು ನೌಕರನ ಬೆರಳು! ಆ ಕ್ರಮ ಯಾವಾಗ ತಿರುವುಮುರುವಾಯಿತೋ ನಾವು ಗಮನಿಸಲೇ ಇಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಭಾಂಜಾ ಒಂದು ಶನಿವಾರ ನಮ್ಮನ್ನು ಹ್ಯಾಕರುಗಳ ಕೂಟಕ್ಕೆ ಕರೆದೊಯ್ದ. ಹ್ಯಾಕರ್ ಎಂದರೆ ಕಳ್ಳ ಎಂದೇ ನಾವು ತಿಳಿದಿದ್ದೆವು. ಬೀಗ ಗಟ್ಟಿ ಇದೆಯೋ ಇಲ್ಲವೋ ನೋಡಿ, ಸಡಿಲವಿದ್ದರೆ ಮನೆಯವರಿಗೆ ಹೇಳುವವರೂ ಹ್ಯಾಕರುಗಳೇ ಎಂದು ಅವನು ತಿಳಿಸಿದ. ‘ನಲ್’ ಎಂಬ ಬಳಗ ಬೆಂಗಳೂರಿನಲ್ಲೂ ದೇಶದ ಇತರ ನಗರಗಳಲ್ಲೂ ಇಂಥ ತಿಂಗಳ ಸಭೆಗಳನ್ನು ಪುಕ್ಕಟೆ ನಡೆಸುತ್ತ ಬಂದಿದೆ; 2010ರಿಂದ ಗೋವಾದಲ್ಲಿ ದೊಡ್ಡ ಸಮ್ಮೇಳನವೂ ಆಗುತ್ತಿದೆ. ನಾವು ಹೋದದ್ದು ಚಿಕ್ಕ ಕೂಟಕ್ಕೆ. ಹಾರ ಇರಲಿಲ್ಲ, ಶಾಲು ಇರಲಿಲ್ಲ, ಮುಖ್ಯ ಅತಿಥಿ ತಡವಾಗಿ ಬರುವ ತೊಂದರೆಯೂ ಇರಲಿಲ್ಲ. ಇಪ್ಪತ್ತರ ಹುಡುಗಿಯೊಬ್ಬಳು ಮಾತಾಡುತ್ತಿದ್ದವರನ್ನು ನಡುವೆ ತಡೆದು “ಇದು ತಪ್ಪು” ಎಂದಳು. ಅವರು ಪರದೆ ನೋಡಿ “ಹೌದು” ಎಂದರು. ನಮ್ಮ ಸಾಹಿತ್ಯ ಸಭೆಗಳಲ್ಲಿ ಈ ‘ಹೌದು’ ನಾವು ಕೇಳಿಲ್ಲ.

ಅಲ್ಲಿ ಚಹಾದ ಹೊತ್ತಿನಲ್ಲಿ ಜರ್ಮನಿಯ ಕಥೆಯೊಂದು ಬಂತು. ಅಲ್ಲಿನ ಕೇಯಾಸ್ ಕಂಪ್ಯೂಟರ್ ಕ್ಲಬ್ 1981ರಲ್ಲಿ ಹುಟ್ಟಿದ ಹಳೆಯ ಹ್ಯಾಕರ್ ಬಳಗ. 2008ರಲ್ಲಿ, ಬೆರಳಚ್ಚು ಸಂಗ್ರಹದ ಪರವಾಗಿದ್ದ ಗೃಹಮಂತ್ರಿ ಷಾಯ್ಬ್ಲೆ ನೀರು ಕುಡಿದಿಟ್ಟ ಲೋಟದಿಂದ ಅವರ ಬೆರಳಚ್ಚು ತೆಗೆದು, ಅಂಟಿಸಿಕೊಳ್ಳಬಹುದಾದ ತೆಳುಹಾಳೆಯ ಮೇಲೆ ಅಚ್ಚು ಹಾಕಿ, ತಮ್ಮ ಪತ್ರಿಕೆಯ ಜೊತೆ ಓದುಗರಿಗೆ ಹಂಚಿದರು. 2014ರ ಡಿಸೆಂಬರಿನ ಸಮ್ಮೇಳನದಲ್ಲಿ ಅವರಲ್ಲೊಬ್ಬ ರಕ್ಷಣಾ ಮಂತ್ರಿಯ ಹೆಬ್ಬೆರಳಿನ ಗುರುತನ್ನು ಬರೀ ಫೋಟೋಗಳಿಂದ ತೆಗೆದು ತೋರಿಸಿದ. ಲೋಟ ಬೇಡ, ಮುಟ್ಟುವುದೂ ಬೇಡ. ಇಷ್ಟೆಲ್ಲ ಬಹಿರಂಗವಾಗಿ ಆಗಿಹೋಗಿತ್ತು. ಆದರೂ 2024ರಲ್ಲಿ ಖಾಲಾ ಅವರ ಮುಂದೆ ‘ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ’ ಎಂಬ ಮುಖ ಮಾಡಿ ಕುಳಿತರು.

‘ಖಾಸಗಿ’ ಎಂಬ ನಮ್ಮ ಮಾತು ಫಾರಸಿ ದಾರಿಯಿಂದ ಕನ್ನಡಕ್ಕೆ ಬಂದದ್ದು. ಖಾಸ್ ಎಂದರೆ ವಿಶೇಷ, ಆಮ್ ಎಂದರೆ ಸಾಮಾನ್ಯ. ನಿಜಾಮರ ಕಾಲದಲ್ಲಿ ‘ಸರ್ಫ್-ಎ-ಖಾಸ್’ ಎಂದರೆ ದೊರೆಯ ಸ್ವಂತ ಆಸ್ತಿ. ಖಾಸಗಿತನವೂ ಹಾಗೆ ದೊಡ್ಡವರ ಮನೆಯ ವಸ್ತು ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಸುಪ್ರೀಂ ಕೋರ್ಟಿನ ಮುಂದೆಯೂ ಬಡ ದೇಶಕ್ಕೆ ಅದು ಉಳ್ಳವರ ಚಿಂತೆ ಎಂಬ ವಾದ ಬಂದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಬಗ್ಗೆ ಹೂಡಿದ ಮೊಕದ್ದಮೆ ಅದು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ತಳ್ಳಿ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಆಯಿತು, ಅದರ ನಿಯಮಗಳು ಹೊರಬರಲು 2025ರ ನವೆಂಬರ್ ಬರಬೇಕಾಯಿತು.

ನಮ್ಮವರ ಕಡೆಯ ತಪ್ಪನ್ನೂ ಹೇಳಬೇಕು. 2019ರ ಕೊನೆಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ಹುಟ್ಟಿದ ಭಯದಲ್ಲಿ ನಾವು ಕಾಗದಗಳ ಹಿಂದೆ ಓಡಿದೆವು. ಝೆರಾಕ್ಸ್ ಅಂಗಡಿಗಳ ಮುಂದೆ ಸಾಲು. ಕೇಳಿದವರಿಗೆಲ್ಲ ಆಧಾರ್ ನಕಲು ಕೊಟ್ಟೆವು, ಕೇಳದವರಿಗೆ ವಾಟ್ಸಾಪಿನಲ್ಲಿ ಕಳಿಸಿದೆವು. ನಾವು ಇಲ್ಲಿಯವರೇ ಎಂದು ಸಾಬೀತು ಮಾಡುವ ಆತುರದಲ್ಲಿ ಮನೆಯ ಬಾಗಿಲನ್ನೇ ತೆರೆದಿಟ್ಟಂತಾಯಿತು. ಆಧಾರ್ ಸಂಸ್ಥೆಯ ಬೆಂಗಳೂರು ಕಚೇರಿಯೇ 2022ರ ಮೇ ತಿಂಗಳಲ್ಲಿ, ನಕಲನ್ನು ಎಲ್ಲರಿಗೂ ಕೊಡಬೇಡಿ ಎಂದು ಪ್ರಕಟಣೆ ಕೊಟ್ಟಿತ್ತು. ಜನ ತಪ್ಪು ತಿಳಿಯುತ್ತಾರೆಂದು ಎರಡು ದಿನಕ್ಕೆ ಅದನ್ನು ವಾಪಸು ಪಡೆದರು.

ಬೆಂಗಳೂರಿನಿಂದ ಬಂದ ಮೇಲೆ ನಮ್ಮದೇ ಒಂದು ಕೂಟ ಮಾಡಿದೆವು. ಮಾನ್ವಿಯಲ್ಲಿ ನಮ್ಮ ಆಪಾರ ಮನೆಯ ಅಂಗಳ, ಅಸರ್ ನಮಾಜಿನ ನಂತರ. ರಜೆಗೆ ಬಂದಿದ್ದ ಭಾಂಜಾ, ಹದಿನಾರು ಹೆಂಗಸರು, ಅವರಲ್ಲಿ ಐವರು ಓಣಿಯ ಲಿಂಗಾಯತ ಮತ್ತು ಮಾದಿಗ ಮನೆಗಳವರು, ಜೊತೆಗೆ ಒಬ್ಬ ನಿವೃತ್ತ ಉರ್ದು ಮಾಸ್ತರು. ಮಾಸ್ತರು ಅಮಾನತ್ ಎಂಬ ಮಾತು ಎತ್ತಿದರು. ನಂಬಿ ಕೊಟ್ಟ ವಸ್ತುವನ್ನು ಕೇಳಿದಾಗ ಇದ್ದಂತೆ ಮರಳಿಸಬೇಕು, ಬೆರಳಚ್ಚೂ ಒಂದು ಅಮಾನತ್ ಎಂದರು. “ಮರಳಿಸೋದು ಹ್ಯಾಂಗ್ರೀ ಮಾಸ್ತರ?” ಎಂದು ಪಕ್ಕದ ಮನೆಯ ಈರಮ್ಮ ಕೇಳಿದ್ದಕ್ಕೆ ಅವರು ಸುಮ್ಮನಾದರು. ಒಬ್ಬ ಹುಡುಗ ನಕಲಿ ಬೆರಳು ಮಾಡಿ ತೋರಿಸೆಂದು ಭಾಂಜಾನ ದುಂಬಾಲು ಬಿದ್ದ. ಅವನು ಒಪ್ಪಲಿಲ್ಲ. ಅನುಮತಿಯಿಲ್ಲದೆ ಬೀಗ ಮುಟ್ಟಿದರೆ 2000ದ ಐಟಿ ಕಾಯ್ದೆಯಲ್ಲಿ ಅಪರಾಧ, 2017ರಲ್ಲಿ ಬೆಂಗಳೂರಿನಲ್ಲಿ ಆಧಾರ್ ಮಾಹಿತಿಯನ್ನು ಆ್ಯಪ್ ಮೂಲಕ ತೆಗೆದ ಎಂಜಿನಿಯರನೊಬ್ಬ ಬಂಧನಕ್ಕೊಳಗಾದ ಎಂದ. ಬದಲಿಗೆ ಬೆರಳಿಗೆ ಬೀಗ ಹಾಕುವುದನ್ನು ಕಲಿಸಿದ. ಆಧಾರ್ ಆ್ಯಪಿನಲ್ಲಿ ಬೆರಳಚ್ಚನ್ನು ಲಾಕ್ ಮಾಡಬಹುದು, ಆಮೇಲೆ ಅಸಲಿ ಬೆರಳೂ ನಡೆಯದು, ನಕಲಿಯೂ ನಡೆಯದು. ಬೇಕಾದಾಗ ಹತ್ತು ನಿಮಿಷಕ್ಕೆ ತೆರೆಯಬಹುದು. ಮಗ್ರಿಬ್ ಹೊತ್ತಿಗೆ ಒಂಬತ್ತು ಜನರ ಬೆರಳಿಗೆ ಬೀಗ ಬಿತ್ತು. ಉಳಿದವರ ಓಟಿಪಿ ಬರುವ ಮೊಬೈಲು ಮನೆಯಲ್ಲಿರಲಿಲ್ಲ. ದೇವದುರ್ಗದಿಂದ ಬಂದಿದ್ದ ಖಾಲಾ ಅವರದು ಮಗನಿಗೆ ಫೋನು ಮಾಡಿ ಆಯಿತು. ನಾವು ಹಿಗ್ಗಿದೆವು.

ತಿಂಗಳ ಕೊನೆಗೆ ದೇವದುರ್ಗದಿಂದ ಫೋನು. ಪಡಿತರ ಅಂಗಡಿಯಲ್ಲಿ ಬೆರಳಿಟ್ಟರೆ 330 ಎಂದು ಬರುತ್ತಿದೆ. ಬೆರಳಿಗೆ ಬೀಗವಿದೆ ಎಂದು ಯಂತ್ರ ಹೇಳುವ ಸಂಖ್ಯೆ ಅದು. ತೆರೆಯಲು ಓಟಿಪಿ ಮಗನಿಗೆ ಹೋಗಬೇಕು, ಮಗ ಬೆಂಗಳೂರಿನಲ್ಲಿ ಏಳನೇ ಅಂತಸ್ತಿನ ಸೆಂಟ್ರಿಂಗ್ ಮೇಲೆ. ಅವನು ಊಟಕ್ಕೆ ಇಳಿದಾಗ ತೆರೆದರೆ ಇಲ್ಲಿ ಸಾಲಿನಲ್ಲಿ ಇನ್ನೂ ಆರು ಜನ. ಖಾಲಾ ಸರದಿ ಬರುವಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು. ಎರಡನೇ ಸಲ ತೆರೆದಾಗ ಸವೆದ ಬೆರಳನ್ನು ಯಂತ್ರ ಒಪ್ಪಲಿಲ್ಲ. “ಹಾಕಿಡ್ಲೋ, ತೆಗೆದಿಡ್ಲೋ, ಒಂದು ಹೇಳ್ರಿ” ಎಂದರು ಖಾಲಾ. ತೆಗೆದುಬಿಡಿ ಎಂದೆವು. ಕೊನೆಯ ದಿನ ಅಕ್ಕಿ ಸಿಕ್ಕಿತು.

ಆಮೇಲೆ ಅವರದೇ ಹೆಸರಿನ ಮೊಬೈಲು ಕೊಡಿಸಿ, ಆ ಸಂಖ್ಯೆಯನ್ನು ಆಧಾರಿಗೆ ಜೋಡಿಸಲು ಕೇಂದ್ರಕ್ಕೆ ಕರೆದೊಯ್ದೆವು. ಸಿಮ್ ಕೊಳ್ಳಲು ಹೆಬ್ಬೆಟ್ಟು ಇಟ್ಟಾಗಿತ್ತು. ಇಲ್ಲಿಯೂ ಇಡಬೇಕೆಂದರು. ಖಾಲಾ ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಕೌಂಟರಿನ ಹುಡುಗಿಯನ್ನು ಮೆಲ್ಲಗೆ ಕೇಳಿದರು: “ನನಗ ಸಹಿ ಬರ್ತದವ್ವಾ. ಸಹಿ ನಡೀತದೇನು?”