ಬಿಸಿಲನ್ನು ಕಳೆದು ನೋಡಿದ ದ್ವೀಪ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಿಂದ ಹೊರಟ ಪುಟ್ಟ ವಿಮಾನ ಉತ್ತರಕ್ಕೆ ಹಾರುತ್ತಿತ್ತು. ಕೆಳಗೆ ಹವಳದ ದ್ವೀಪಗಳು ರಂಗೋಲಿ ಚುಕ್ಕಿಗಳಂತೆ ಹರಡಿದ್ದರೂ ನನ್ನ ಕಣ್ಣು ದಿಗಂತವನ್ನು ಬಿಟ್ಟು ಕದಲಲಿಲ್ಲ. ನೀಲಿ ಇರಬೇಕಾದಲ್ಲಿ ತೆಳ್ಳನೆಯ ಚಹಾ ಬಣ್ಣದ ಪದರ. ಮಾರ್ಚ್ ತಿಂಗಳು, ಈಶಾನ್ಯದ ಗಾಳಿ ನಮ್ಮ ಕಡೆಯ ಹೊಗೆ, ಧೂಳನ್ನೆಲ್ಲ ಹೊತ್ತು ಕಡಲು ದಾಟಿಸುವ ಕಾಲ.

ಹನಿಮಾಧೂ ದ್ವೀಪದಲ್ಲಿ ಇಳಿದವಳು ಮೊದಲು ರನ್‌ವೇಯತ್ತ ತಿರುಗಿ ನಿಂತೆ. 2006ರ ಮಾರ್ಚ್‌ನಲ್ಲಿ ಇಲ್ಲಿಂದಲೇ ಪೈಲಟ್ ಇಲ್ಲದ ಮೂರು ಹಗುರ ವಿಮಾನಗಳು ಬಿಸಿಲನ್ನು ಅಳೆಯಲು ಏರಿದ್ದವು. ತಂಡದ ಮುಂದಾಳು ವೀರಭದ್ರನ್ ರಾಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದವರು.

ಅವರ ಉಪಾಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅರ್ಧ ಕಿಲೋಮೀಟರಿನಿಂದ ಮೂರು ಕಿಲೋಮೀಟರ್ ಎತ್ತರದ ತನಕ, ಒಂದರ ನೆತ್ತಿಯ ಮೇಲೆ ಇನ್ನೊಂದು ವಿಮಾನ. ಕೆಳಕ್ಕೆ ಇಳಿಯುವ ಬಿಸಿಲೆಷ್ಟು, ಮರಳಿ ಮೇಲಕ್ಕೆ ಹೋಗುವುದೆಷ್ಟು ಎಂದು ಮೇಲಿನದೂ ಅಳೆಯುತ್ತದೆ, ಕೆಳಗಿನದೂ ಅಳೆಯುತ್ತದೆ. ಒಂದರಿಂದ ಒಂದನ್ನು ಕಳೆದರೆ ನಡುವಿನ ಗಾಳಿ ನುಂಗಿದ ಬಿಸಿಲು ಸಿಕ್ಕಿತು! ಒಂದೇ ವಿಮಾನವಾದರೆ ಮೇಲೆ ಅಳೆದು ಕೆಳಗಿಳಿಯುವಷ್ಟರಲ್ಲಿ ಮೋಡ ಸರಿದಿರುತ್ತದೆ, ಲೆಕ್ಕ ಕೆಡುತ್ತದೆ. ಅದಕ್ಕೇ ಮೂರೂ ಹತ್ತು ಸೆಕೆಂಡಿನೊಳಗೆ ಒಂದೇ ಜಾಗವನ್ನು ದಾಟುವಂತೆ ಹಾರಿದವು, ಅದೂ 18 ಸಲ.

ಮರುದಿನ ಬೆಳಿಗ್ಗೆ ದ್ವೀಪದ ವೀಕ್ಷಣಾಲಯದಲ್ಲಿ ಬಿಸಿಲಳೆಯುವ ಪೈರನೋಮೀಟರನ್ನು ಹತ್ತಿರದಿಂದ ಕಂಡೆ. ನಿಂಬೆಹಣ್ಣನ್ನು ಅಡ್ಡ ಕೊಯ್ದು ಬೋರಲಿಟ್ಟಂಥ ಗಾಜಿನ ಗುಮ್ಮಟ, ಒಳಗೆ ಕಾಡಿಗೆಗಪ್ಪಿನ ಬಿಲ್ಲೆ. ಬಿಸಿಲಿಗೆ ಬಿಲ್ಲೆ ಕಾಯುತ್ತದೆ. ಆ ಕಾವೇ ತುಸು ವಿದ್ಯುತ್ತಾಗಿ ತಂತಿಗಿಳಿಯುತ್ತದೆ. ಗಾಜಿಗಂಟಿದ ಕಡಲುಪ್ಪನ್ನು ಅಲ್ಲಿನವರೊಬ್ಬರು ಮೆತ್ತನೆಯ ಬಟ್ಟೆಯಿಂದ, ಕೂಸಿನ ಮುಖ ಒರೆಸುವ ಹಾಗೆ, ಒರೆಸಿದರು. ವಿಮಾನದಲ್ಲಿ ಇದು ತುಸು ವಾಲಿದರೂ ಅಳತೆ ತಪ್ಪುತ್ತದಂತೆ. ಗಾಳಿಯ ಹೊಡೆತದಲ್ಲಿ ಅಂಥ ಗುಮ್ಮಟವನ್ನು ಸಮತಟ್ಟಾಗಿ ಹೊತ್ತು ಸಾಗುವುದೆಂದರೆ!

ಆ ಮೂರು ವಿಮಾನಗಳು ಹಾರಿ ತಂದ ಉತ್ತರ ಸಣ್ಣದಲ್ಲ. ಕಂದು ಹೊಗೆಯಿಂದಾಗಿ ಕೆಳ ವಾತಾವರಣ ಬಿಸಿಲಿಗೆ ಕಾಯುವುದು ಸುಮಾರು ಶೇ. 50ರಷ್ಟು ಹೆಚ್ಚಿತ್ತು. ಆ ಹೊಗೆಯಲ್ಲಿ ಬಿಸಿಲು ಹೀರುವುದು ಮಸಿ, ನಮ್ಮಜ್ಜಿಯ ಬಚ್ಚಲ ಒಲೆಯ ಗೋಡೆಗೆ ಹತ್ತಿದ್ದ ಅದೇ ಮಸಿ. ಅದು ಇಷ್ಟು ದೂರ ಬಂದು, ಆಕಾಶದಲ್ಲಿ ಸೂರ್ಯನನ್ನು ಹಿಡಿದು ನಿಲ್ಲಿಸುತ್ತದೆ ಎಂದು ಆ ಒಲೆಯ ಮುಂದೆ ಕೂತು ಬೆಂಕಿ ಊದುತ್ತಿದ್ದ ನಮಗ್ಯಾರಿಗೆ ಗೊತ್ತಿತ್ತು?

ಸಂಜೆ ದಂಡೆಯಲ್ಲಿ ಕಾದು ಕೂತೆ. ಸೂರ್ಯ ನೀರು ಮುಟ್ಟಲಿಲ್ಲ. ಕಡಲಿಗಿಂತ ನಾಲ್ಕು ಬೆರಳು ಮೇಲೆಯೇ, ಆ ಕಂದು ಪದರದಲ್ಲಿ ಕೆಂಪಾಗಿ ಕರಗಿಹೋದ.