ನನ್ನ ಗೇಣುದ್ದದ ರೈಲುಹಾದಿ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಅಂಚೆಚೀಟಿ, ಕೆಲವರಿಗೆ ಕವಿತೆ. ನನ್ನ ಹುಚ್ಚು ರೈಲು ಕಟ್ಟುವುದು. ನಗಬೇಡಿ, ಹತ್ತುವ ರೈಲಲ್ಲ, ಮೇಜಿನ ಮೇಲಿಡುವ ರೈಲು. ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಎಂಜಿನ್ನು, ಡಬ್ಬಿ, ಹಳಿ, ನಿಲ್ದಾಣಗಳನ್ನು ಮಾಡುವ ಈ ವಿದ್ಯೆ ಬೆಳೆದದ್ದು ಯೂರೋಪು, ಅಮೆರಿಕಗಳಲ್ಲಿ. ಅಲ್ಲಿಯ ರೈಲುಗಳ ಬಿಡಿಭಾಗಗಳು ಅಂಗಡಿಯಲ್ಲೇ ದೊರೆಯುತ್ತವೆ. ನನಗೆ ಬೇಕಾದದ್ದನ್ನು ಮಾತ್ರ ನಾನೇ ಮಾಡಿಕೊಳ್ಳಬೇಕಾಯಿತು.

ನನಗೆ ಬೇಕಾಗಿದ್ದುದು ನಂಜನಗೂಡಿನ ಹಳೆಯ ಮೀಟರ್ ಗೇಜ್ ಹಾದಿ. ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಸೇತುವೆಯನ್ನು ತಾವೂ ನೋಡಿರಬಹುದು. ಅದರ ಮೇಲೆ 2007ರವರೆಗೂ ರೈಲು ಓಡಿತು. ಬಡಗಿಯಾದ ನಮ್ಮ ತಂದೆಯವರು ಗರಗಸ, ಉಳಿ, ಬಾಚಿಗಳ ಚೀಲ ಹೆಗಲಿಗೇರಿಸಿ ಆ ರೈಲಿನಲ್ಲಿಯೇ ಮೈಸೂರಿಗೆ ಕೂಲಿಗೆ ಹೋಗಿಬರುತ್ತಿದ್ದರು. ಆಗ ನಾನು ತೊಟ್ಟಿಲ ಕೂಸು; ರೈಲನ್ನು ಕಂಡ ನೆನಪಿಲ್ಲ. ಕೇಳಿದ್ದಷ್ಟೇ.

ಮೊದಲು ಕೈಹಾಕಿದ್ದು ಹಳಿಯ ಕೆಳಗಿನ ಮರದ ಸ್ಲೀಪರುಗಳಿಗೆ. ಮೀಟರ್ ಗೇಜಿನ ಸ್ಲೀಪರು ಉದ್ದ 1830 ಮಿಲಿಮೀಟರು, ಅಗಲ 203. ಎಂಬತ್ತೇಳರಿಂದ ಭಾಗಿಸಿದರೆ ಉದ್ದ 21, ಅಗಲ 2.3. ಬ್ಲೇಡಿನಿಂದ ಕೊಯ್ದು ನೋಡಿದೆ. ಒಂದರಂತೆ ಒಂದು ಬರಲಿಲ್ಲ, ಬೆರಳು ಮಾತ್ರ ಕೊಯ್ದುಕೊಂಡಿತು. ಆಮೇಲೆ, ನಾಮಫಲಕ ಕೊರೆಯುವ ಅಂಗಡಿಯೊಂದರ ಲೇಸರ್ ಯಂತ್ರಕ್ಕೆ ಶರಣಾದೆ.

ಆ ಯಂತ್ರದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆಯಿದೆ. ಅದರಿಂದ ಹೊರಡುವ ಕಿರಣ ಕಣ್ಣಿಗೆ ಕಾಣದು. ಕನ್ನಡಿಗಳಿಂದ ತಿರುಗಿ, ಮಸೂರದ ಕೆಳಗೆ ಸೂಜಿಮೊನೆಯಷ್ಟಾಗಿ, ಕಂಪ್ಯೂಟರಿನಲ್ಲಿ ಬರೆದ ಗೆರೆಯ ಗುಂಟ ಪ್ಲೈವುಡ್ಡನ್ನು ಸುಡುತ್ತಾ ಸಾಗುತ್ತದೆ. ಪಿ.ವಿ.ಸಿ. ಹಾಳೆಯನ್ನು ಮಾತ್ರ ಅದರೊಳಗೆ ಇಡಕೂಡದು. ಅದರಲ್ಲಿರುವ ಕ್ಲೋರಿನ್ ವಿಷದ ಹೊಗೆಯಾಗಿ ಮನುಷ್ಯನನ್ನೂ ಯಂತ್ರವನ್ನೂ ಕೆಡಿಸುತ್ತದೆ. ಮನೆಪಾಠದಿಂದ ಕೂಡಿಟ್ಟ ಹಣ ತೆತ್ತು, ಮೂವತ್ತು ಸ್ಲೀಪರುಗಳನ್ನೂ ಅವನ್ನು ಸಾಲಾಗಿ ಕೂರಿಸಲು ಕಂಡಿಗಳಿರುವ ಒಂದು ಪಟ್ಟಿಯನ್ನೂ ಕತ್ತರಿಸಿಕೊಂಡು ಬಂದೆ. ಕಂಡಿಯ ಅಗಲವೂ 2.3.

ಮನೆಯಲ್ಲಿ ಜೋಡಿಸಿದರೆ ಒಂದೂ ನಿಲ್ಲಲೊಲ್ಲದು! ಎಲ್ಲವೂ ಮುದುಕರ ಹಲ್ಲಿನಂತೆ ಅಲ್ಲಾಡಿದವು. ಲೆಕ್ಕವನ್ನು ಮೂರು ಸಲ ಮಾಡಿದೆ, ತಪ್ಪಿರಲಿಲ್ಲ. ಯಂತ್ರವನ್ನು ಬಯ್ಯುತ್ತಾ ಕುಳಿತಿದ್ದಾಗ ತಂದೆಯವರು ಬಂದು, ಒಂದು ಸ್ಲೀಪರನ್ನು ಉಗುರಿನ ಮೇಲಿಟ್ಟು ನೋಡಿದರು.

“ಗೀಟಿನ ಮೇಲೇ ಕುಯ್ಸಿದ್ಯಾ?”

“ಹೌದಪ್ಪ.”

“ಗರಗಸ ತಿನ್ನೋ ಮರಕ್ಕೆ ಲೆಕ್ಕ ಇಕ್ಲಿಲ್ವಾ? ಬೇಕಾದ ಮರ ಉಳಿಸ್ಕೊಂಡು ಗೀಟಿನ ಆಚೆ ಕುಯ್ಬೇಕು ಮಗ.”

“ಇದು ಗರಗಸ ಅಲ್ಲ, ಬೆಳಕು,” ಎಂದೆ.

“ಬೆಳಕಾದ್ರೇನು? ಅಂಚು ಕರ್‍ರಗಾಗದಲ್ಲ, ಅಷ್ಟು ತಿಂದದೆ ಅಂತಾನೇ.”

ಮಾರನೆಯ ದಿನ ಕ್ಯಾಲಿಪರಿನಿಂದ ಅಳೆದೆ. ಕಿರಣ ತಿಂದದ್ದು 0.2 ಮಿಲಿಮೀಟರು. ಸ್ಲೀಪರು 2.1ಕ್ಕೆ ಇಳಿದಿತ್ತು, ಕಂಡಿ 2.5ಕ್ಕೆ ಅಗಲವಾಗಿತ್ತು. ಅಲ್ಪವೆನ್ನಬೇಡಿ, ನಿಜವಾದ ಹಾದಿಯ ಅಳತೆಗೆ ಅದು ಹದಿನೇಳು ಮಿಲಿಮೀಟರಿಗಿಂತ ಹೆಚ್ಚು, ಒಂದು ಬೆರಳಗಲ! ಗೆರೆಗಳನ್ನು ತಿದ್ದಿ, ಸ್ಲೀಪರುಗಳನ್ನು ತುಸು ದೊಡ್ಡದಾಗಿಯೂ ಕಂಡಿಗಳನ್ನು ತುಸು ಕಿರಿದಾಗಿಯೂ ಬರೆದು ಮತ್ತೆ ಕತ್ತರಿಸಿದೆ. ಈ ಸಲ ಬೆರಳಿನಿಂದ ಒತ್ತಿದರೆ ಸಾಕು, ಬಿಗಿಯಾಗಿ ಕುಳಿತವು.

ಈಗ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲು. ಮೊದಲ ವರ್ಷದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ‘ವ್ಯವಸಾಯ’ ಎಂದು ಬರೆದಿದ್ದೆ. ನಮಗೆ ಒಂದು ಗುಂಟೆ ಹೊಲವೂ ಇಲ್ಲ. ‘ಬಡಗಿ’ ಎಂದು ಬರೆಯಲು ಕೈ ಬಂದಿರಲಿಲ್ಲ. ನಾನು ಮೂರು ಸಲ ಲೆಕ್ಕಮಾಡಿಯೂ ಕಾಣದ ತಪ್ಪನ್ನು ಅವರು ಉಗುರಿನ ಮೇಲೆ ಕಂಡ ರಾತ್ರಿ ನನಗೆ ಆ ಅರ್ಜಿಯ ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಗೇಣುದ್ದದ ಆ ಹಾದಿ ಈಗ ನಮ್ಮ ಮನೆಯ ಗೂಡಿನಲ್ಲಿದೆ. ಮೊನ್ನೆ ತಂದೆಯವರು ಅದನ್ನು ಕೈಗೆತ್ತಿಕೊಂಡು, “ರೈಲೆಲ್ಲಿ?” ಎಂದು ಕೇಳಿದರು. ಡಬ್ಬಿಯ ಕಿಟಕಿಗಳನ್ನು ಇನ್ನೂ ಬರೆಯುತ್ತಿದ್ದೇನೆ. ಹೇಗಿದ್ದವೆಂದು ಅವರೇ ಹೇಳಿಕೊಡುತ್ತಿದ್ದಾರೆ. ಈ ವರ್ಷದ ಪರೀಕ್ಷೆಯ ಅರ್ಜಿಯಲ್ಲಿ ತಂದೆಯ ಉದ್ಯೋಗವನ್ನು ಕೇಳಿರಲಿಲ್ಲ. ಆದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ: ಬಡಗಿ.