ಅಡುಗೆ ಬಿಟ್ಟು ಲಾರಿ ಬಗ್ಗೆ ಕೇಳಿ

"ಕಾನ್ಫರೆನ್ಸ್ ಅಂದ್ರ ಜಾತ್ರಿ ಇದ್ದಂಗೇನವ್ವ?" ಅಂತ ಅವ್ವ ಒಮ್ಮೆ ಫೋನಿನಲ್ಲಿ ಕೇಳಿದ್ದಳು. ಹೌದು ಅಂದೆ. ಬಾಯಿಮಾತಿಗೆ ಅಂದಿದ್ದಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಜನ ಹೋಗೋದು ತೇರು ನೋಡಲಿಕ್ಕೇ. ಆದರೆ ಬೀಗತನದ ಮಾತು, ಊರ ಸುದ್ದಿ, ಹಳೇ ಬಾಕಿ ಎಲ್ಲ ಇತ್ಯರ್ಥ ಆಗೋದು ತೇರಿನಿಂದಾಚೆ, ಮಂಡಾಳು ತಿನ್ನುತ್ತಾ ನಿಂತಾಗ. ಐಟಿಯವರ ಸಮ್ಮೇಳನವೂ ಹಂಗೇ. ವೇದಿಕೆ ಮೇಲಿನ ಭಾಷಣ ಆಮೇಲೆ ಯೂಟ್ಯೂಬಿನಲ್ಲೂ ಸಿಗುತ್ತೆ. ಚಹಾ ಕಪ್ ಹಿಡಿದು ನಿಂತಾಗ "ನಮ್ಮ ಟೀಮಿಗೆ ಒಬ್ಬರು ಬೇಕಾಗಿದ್ದಾರೆ" ಅಂತ ಯಾರೋ ಅನ್ನೋದು ಎಲ್ಲೂ ಸಿಗೋದಿಲ್ಲ. ಸಂಜೆ ಆರರ ಮೇಲೆ ಆ ಮಾತು ಇನ್ನೂ ಬಿಚ್ಚಿಕೊಳ್ಳುತ್ತೆ. ಅಷ್ಟೊತ್ತಿಗೆ ನಮ್ಮಲ್ಲಿ ಅರ್ಧ ಹೆಂಗಸರು ಡೇ ಕೇರ್ ಮುಚ್ಚೋದರೊಳಗೆ ಮಗು ಕರ್ಕೊಳ್ಳಬೇಕು ಅಂತ ಕ್ಯಾಬ್ ಹತ್ತಿರುತ್ತಾರೆ.

ನಾನು ಸೇಡಂ ತಾಲ್ಲೂಕಿನ ಕುರಕುಂಟಾದವಳು. ಅಪ್ಪ ಊರಿನ ಸಿಮೆಂಟ್ ಕಾರ್ಪೊರೇಷನ್ ಫ್ಯಾಕ್ಟರಿಯಲ್ಲಿದ್ದರು. ಅದು ಬಂದ್ ಆದ ಮೇಲೆ ಲಾರಿ ಲೆಕ್ಕ ಬರೆಯೋ ಕೆಲಸಕ್ಕೆ ಹೋದರು. ಬೆಂಗಳೂರಲ್ಲಿ ಕೂತು ನಾನು ಮಾಡೋದೂ ಲಾರಿ ಲೆಕ್ಕವೇ, ಹೆಸರು ಮಾತ್ರ ಸಾಫ್ಟ್‌ವೇರ್. ಕಲ್ಲುಗಣಿ, ಫ್ಯಾಕ್ಟರಿಗಳ ತೂಕಸೇತುವೆ ಮೇಲೆ ಲಾರಿ ನಿಂತ ಕೂಡಲೆ ತೂಕ ನಮ್ಮ ಸರ್ವರಿಗೆ ಬರುತ್ತೆ. ನೆಟ್‌ವರ್ಕ್ ಮಧ್ಯದಲ್ಲಿ ಹೋಯಿತೆನ್ನಿ, ಉತ್ತರ ಸಿಗದ ಯಂತ್ರ ಅದೇ ತೂಕವನ್ನು ಮತ್ತೆ ಕಳಿಸುತ್ತೆ. ಒಂದು ಲಾರಿ ಎರಡಾಗುತ್ತೆ, ಬಿಲ್ಲೂ ಎರಡಾಗುತ್ತೆ. ಇದಕ್ಕೆ ಪರಿಹಾರ ಅಂದರೆ ತೂಕ ಆದ ಜಾಗದಲ್ಲೇ ಪ್ರತಿ ತೂಕಕ್ಕೂ ಒಂದು ನಂಬರು ಅಂಟಿಸಿಬಿಡೋದು. ಅದೇ ನಂಬರು ಎರಡನೇ ಸಲ ಬಂದರೆ "ಬಂತು" ಅಂತ ಉತ್ತರ ಕೊಡಬೇಕು, ಲೆಕ್ಕಕ್ಕೆ ಸೇರಿಸಬಾರದು. ಹೇಳೋಕೆ ಸುಲಭ. ಮಾಡೋಕೆ ಎಂಟು ತಿಂಗಳು ಹಿಡಿಯಿತು.

ಇಷ್ಟು ಗೊತ್ತಿದ್ದ ನನ್ನನ್ನು ಮೊದಲ ಸಲ ವೇದಿಕೆಗೆ ಕರೆದದ್ದು ಯಾವುದಕ್ಕೆ ಗೊತ್ತಾ? ಕೆಲಸ-ಮನೆ ಸಮತೋಲನದ ಚರ್ಚೆಗೆ. ನಾಲ್ಕು ಹೆಂಗಸರು, ನಾಲ್ಕು ಹೂಗುಚ್ಛ. "ಮನೇಲಿ ಅಡುಗೆ ಯಾರು ಮಾಡ್ತಾರೆ?" ಅನ್ನೋ ಪ್ರಶ್ನೆ ನನ್ನ ಪಾಲಿಗೆ ಬಂತು. ಅದೇ ಹೊತ್ತಿಗೆ ಪಕ್ಕದ ಹಾಲಿನಲ್ಲಿ ಡೇಟಾಬೇಸ್ ಬಗ್ಗೆ ಮಾತು ನಡೆದಿತ್ತು. ಅಲ್ಲಿದ್ದ ಗಂಡಸರನ್ನು ಯಾರೂ ರೊಟ್ಟಿ ಬಡಿಯೋಕೆ ಬರುತ್ತಾ ಅಂತ ಕೇಳಿರಲಿಕ್ಕಿಲ್ಲ. ಇಂಥ ಗೋಷ್ಠಿಗಳು ಬೇಡ ಅಂತಲ್ಲ. ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಹೆಂಗಸರ ಸಂಖ್ಯೆ ತುಂಬಿಸೋಕೆ ಇದನ್ನೇ ಬಳಸಿದರೆ ಒಂದೇ ಲಾರಿಯನ್ನು ಎರಡು ಸಲ ತೂಗಿದ ಹಾಗೆ.

1987ರಲ್ಲಿ ಅಮೆರಿಕದಲ್ಲಿ ಆಪರೇಟಿಂಗ್ ಸಿಸ್ಟಮ್‌ಗಳ ಕುರಿತ ಒಂದು ಸಮ್ಮೇಳನಕ್ಕೆ ಹೋಗಿದ್ದ ಅನಿತಾ ಬೋರ್ಗ್‌ಗೆ ಅಲ್ಲಿ ಕಂಡ ಹೆಂಗಸರು ಬೆರಳೆಣಿಕೆ. ಅವರು ಮಾತಿಗೆ ಸಿಕ್ಕಿದ್ದು ಹೆಂಗಸರ ಶೌಚಾಲಯದಲ್ಲಿ! ಎಲ್ಲರೂ ಸೇರಿ ಊಟ ಮಾಡೋಣ ಅಂತಾಯಿತು. ಆ ಪರಿಚಯವೇ ಬೆಳೆಯಿತು. 1994ರಲ್ಲಿ ಬೋರ್ಗ್ ಮತ್ತು ಟೆಲ್ಲಿ ವಿಟ್ನಿ ಸೇರಿ ಕಂಪೈಲರ್ ತಯಾರಿಸಿದ ಗ್ರೇಸ್ ಹಾಪರ್ ಹೆಸರಲ್ಲಿ ಹೆಂಗಸರದ್ದೇ ದೊಡ್ಡ ಸಮ್ಮೇಳನ ಶುರು ಮಾಡಿದರು. 2010ರಲ್ಲಿ ಅದು ಬೆಂಗಳೂರಿಗೂ ಬಂತು.

ನನಗೆ ಇದಕ್ಕಿಂತ ಹಿಡಿಸಿದ್ದು ಅಮೆರಿಕದ ಪೈಕಾನ್ ಕಥೆ. ಅದು ಪೈಥಾನ್ ಭಾಷೆಯವರ ಸಮ್ಮೇಳನ, ಎಲ್ಲರಿಗೂ ತೆರೆದದ್ದು. 2011ರಲ್ಲಿ ಅಲ್ಲಿನ ಭಾಷಣಗಳಲ್ಲಿ ಹೆಂಗಸರು ಕೊಟ್ಟಿದ್ದು ನೂರಕ್ಕೆ 1. 2016ಕ್ಕೆ ಅದು 40 ಆಯಿತು. "ಹೆಂಗಸರು ಅರ್ಜಿನೇ ಹಾಕಲ್ಲರೀ" ಅಂತ ಕೈ ಚೆಲ್ಲದೆ, ಒಬ್ಬೊಬ್ಬರನ್ನೂ ಹುಡುಕಿ, ಹೆಸರು ಹಿಡಿದು, "ನಿಮ್ಮ ಕೆಲಸದ ಬಗ್ಗೆ ಬರೆದು ಕಳಿಸಿ" ಅಂತ ಕೇಳಿದ್ದರು. ಸಾಮಾನ್ಯ ಆಹ್ವಾನ ಅನ್ನೋದು ಡಂಗುರ ಇದ್ದಂಗೆ. ಎಲ್ಲರಿಗೂ ಕೇಳಿಸುತ್ತೆ, ನನಗೇ ಅಂತ ಯಾರಿಗೂ ಅನ್ನಿಸೋದಿಲ್ಲ.

ನನಗೂ ಹಂಗೇ ಆಯಿತು. ಹಿರಿಯ ಸಹೋದ್ಯೋಗಿಯೊಬ್ಬರು, ಅವರೂ ಹೆಂಗಸೇ, ಬಂದು "ನಿನ್ನ ಡಬಲ್ ಲಾರಿ ವಿಷಯ ಎರಡು ಪ್ಯಾರಾ ಬರಿ, ಶುಕ್ರವಾರ ಕೊನೇ ದಿನ" ಅಂದರು. ಬರೆದೆ. ಇಪ್ಪತ್ತು ನಿಮಿಷ ಮಾತಾಡಿದೆ. ಹಾಲಿನ ಡೇರಿಯ ಲೆಕ್ಕ ನೋಡೋ ಹುಡುಗಿಯೊಬ್ಬಳು ಎದ್ದು, "ತೂಕದ ಯಂತ್ರದ ಗಡಿಯಾರವೇ ತಪ್ಪಿದ್ದರೆ?" ಅಂದಳು. ಎಂಥ ಪ್ರಶ್ನೆ! ಊಟ ಆರೋವರೆಗೂ ಇಬ್ಬರೂ ಅದನ್ನೇ ಮಾತಾಡಿದೆವು.

ಈಗ ಅಣ್ಣನ ಮಗಳ ಸರದಿ. 371ಜೆ ಮೀಸಲಾತಿಯಲ್ಲಿ ಸೀಟು ಸಿಕ್ಕು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಬೆಂಗಳೂರಿನ ಸಮ್ಮೇಳನವೊಂದಕ್ಕೆ ವಿದ್ಯಾರ್ಥಿಗಳ ಉಚಿತ ಪಾಸು ಸಿಕ್ಕಿದೆ. ಪಾಸು ಕೊಟ್ಟವರು ಬಾಗಿಲು ತೆಗೆದೆವು ಅಂದುಕೊಂಡಿರಬಹುದು. ಖರ್ಚಿನಲ್ಲಿ ಪಾಸಿನದ್ದೇ ಕಡಿಮೆ. ವಾಡಿಗೆ ಹೋಗಬೇಕು, ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಇಡೀ ರಾತ್ರಿ. "ಒಬ್ಬಾಕಿನ ಹೆಂಗ ಕಳಸೂದು?" ಅಂತ ಅಣ್ಣ. ಅವನೂ ಜೊತೆಗೆ ಬಂದರೆ ಅವನದ್ದೊಂದು ಟಿಕೆಟ್ಟು, ಮೂರು ದಿನದ ಪಗಾರ ಖೋತಾ. ಇದನ್ನು ಯಾವ ಆಯೋಜಕರೂ ಲೆಕ್ಕ ಹಾಕಿದ್ದು ನಾನು ನೋಡಿಲ್ಲ.

ಹುಡುಗಿಗೆ ಅದರ ಚಿಂತೆ ಇಲ್ಲ. "ಅತ್ತಿ, ಇಂಗ್ಲಿಷ್ ತಡವರಿಸಿದ್ರ ನಗ್ತಾರೇನು?" ಅಂತ ಕೇಳಿದಳು. ನಗೋರು ನಗ್ತಾರ, ನೀ ಪ್ರಶ್ನೆ ಬರಕೊಂಡು ಹೋಗಿ ಮೊದಲನೇ ಸಾಲಿನಾಗ ಕೂಡು, ಸಿಗಬಿದ್ರ ಕನ್ನಡದಾಗ ಕೇಳು ಅಂದೀನಿ. ವಾಡಿ ಸ್ಟೇಷನ್ನಿನಲ್ಲಿ ಅಣ್ಣ ಹತ್ತಿಸೋದು, ಇಲ್ಲಿ ಬೆಳಿಗ್ಗೆ ನಾನು ಇಳಿಸಿಕೊಳ್ಳೋದು ಅಂತ ಸದ್ಯಕ್ಕೆ ಒಪ್ಪಿದ್ದಾನೆ. ಟಿಕೆಟ್ ಮಾತ್ರ ವೇಟಿಂಗ್ ಲಿಸ್ಟ್ 14ರಲ್ಲಿದೆ. ದಿನಾ ಎದ್ದ ಕೂಡಲೆ ಪಿಎನ್‌ಆರ್ ನೋಡ್ತಾ ಇದ್ದೀನಿ.